ದಿಬ್ಬಣದ ಬಸ್ಸಿನ ಗಡಿಯಾರ

ದಿಬ್ಬಣ ಹೊತ್ತ ಬಸ್ಸೊಂದು ಮುಹೂರ್ತ ಹತ್ತಿರವಾದಾಗಲೇ ಪೇಟೆಯ ಸರ್ಕಲ್ಲಿನಲ್ಲಿ ವಾಹನಗಳ ನಡುವೆ ಸಿಕ್ಕಿಬಿತ್ತು. ಡ್ರೈವರ್ ಸಿದ್ಲಿಂಗ ಇಂಜಿನ್ ಆರಿಸಲು ಕೈಚಾಚಿದ. ಮದುಮಗನ ಸೋದರಮಾವ ತಡೆದ: "ದಿಬ್ಬಣದ ಗಾಡಿ ದಾರೀಲಿ ಆರಬಾರದಪ್ಪ, ಅಪಶಕುನ. ಇರು, ಈಗ ಬಿಡ್ತಾರೆ."

ಚಕ್ರ ಅಲುಗಲಿಲ್ಲ, ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಡ್ರೈವರನ ತಲೆಯ ಮೇಲಿದ್ದ ಗಡಿಯಾರಕ್ಕೆ ಹೆಮ್ಮೆ ಉಕ್ಕಿತು. ಅದು ಕೆಳಗಿದ್ದ ಡೀಸೆಲ್ ಟ್ಯಾಂಕನ್ನು ಕೂಗಿ ಹೇಳಿತು: "ನೋಡಿದೆಯಾ? ನಾನು ಒಂದೊಂದು ಹೆಜ್ಜೆ ಇಟ್ಟ ಹಾಗೆ ನೀನು ಒಂದೊಂದು ಗುಟುಕು ಬರಿದಾಗುತ್ತಿದ್ದೀಯೆ. ಮುಟ್ಟದೆಯೇ ನಿನ್ನನ್ನು ಕುಡಿಯುತ್ತಿದ್ದೇನೆ!"

"ದಿನವೂ ಬರಿದಾಗುತ್ತೇನೆ," ಎಂದಿತು ಟ್ಯಾಂಕು. "ಆದರೆ ದಿನವೂ ಯಾವುದೋ ಊರು ಹತ್ತಿರ ಬರುತ್ತಿತ್ತು. ಇಂದು ಏನೂ ಹತ್ತಿರ ಬಂದಿಲ್ಲ."

ಕೊನೆಗೆ ಟ್ಯಾಂಕು ಪೂರಾ ಒಣಗಿ, ಇಂಜಿನ್ ಕೆಮ್ಮಿ ತಾನೇ ಆರಿಹೋಯಿತು. ಅದರ ಸದ್ದು ಅಡಗಿದ್ದೇ ಬಸ್ಸಿನೊಳಗೆ ಗಡಿಯಾರದ ಟಿಕ್ ಟಿಕ್ ಒಂದೇ ಕೇಳತೊಡಗಿತು.

"ಆ ಸದ್ದು ಎದೆಗೆ ಬಡೀತಾ ಇದೆ, ಮೊದಲು ಅದನ್ನ ನಿಲ್ಲಿಸು!" ಎಂದು ಸೋದರಮಾವ ಕಿರುಚಿದ. ಸಿದ್ಲಿಂಗ ಗಡಿಯಾರದ ಬ್ಯಾಟರಿ ಕಿತ್ತ.

ಮುಳ್ಳುಗಳು ನಿಂತವು. ಆದರೆ ಕಿಟಕಿಯಿಂದ ಬಿದ್ದಿದ್ದ ಬಿಸಿಲು ಮದುಮಗನ ಮಡಿಲಲ್ಲಿದ್ದ ಬಾಸಿಂಗವನ್ನು ದಾಟಿ, ಮೊಣಕಾಲಿನತ್ತ ಸರಿಯುತ್ತಲೇ ಇತ್ತು. ಗಡಿಯಾರ ದಂಗಾಗಿ ಅದನ್ನೇ ನೋಡಿತು.

"ತಪ್ಪು ತಿಳಿದಿದ್ದೆ, ಟ್ಯಾಂಕೇ," ಎಂದು ಪಿಸುಗುಟ್ಟಿತು. "ನಿನ್ನನ್ನು ಕುಡಿದದ್ದು ನಾನಲ್ಲ. ನಾನು ನಿಂತರೂ ಹೊತ್ತು ನಿಂತಿಲ್ಲ ನೋಡು. ನಿನ್ನನ್ನು ತುಂಬಿಸಲು ಬಂಕಾದರೂ ಇದೆ. ಹೊತ್ತು ಕುಡಿದ ಮುಹೂರ್ತವನ್ನು ಯಾವ ಬಂಕಿನಲ್ಲಿ ತುಂಬಿಸುತ್ತಾರೆ?"