ಬಾಯಿ ಮುಚ್ಚದ ಕೀಲಿ

ಪಂಕಜಾಕ್ಷಿ ಟೀಚರ ಹೊಸ ಕಾರಿನ ರಿಮೋಟ್ ಕೀಲಿ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತ, ಮನುಷ್ಯರ ಕಿವಿಗೆ ಕೇಳದ ರೇಡಿಯೋ ಸಂಕೇತದಲ್ಲಿ ಸದಾ "ನಾನಿಲ್ಲಿದ್ದೇನೆ!" ಎಂದು ಕೂಗುತ್ತಿತ್ತು. ಆ ಕೂಗು ಹತ್ತಿರದಲ್ಲಿ ಕೇಳಿದರೆ ಸಾಕು, ಕಾರು ಬಾಗಿಲು ತೆರೆದು ಸ್ಟಾರ್ಟೂ ಆಗುತ್ತಿತ್ತು.

"ನನ್ನೊಳಗೆ ಬಂದು ಕೂರು. ಮುಚ್ಚಳ ಹಾಕಿದರೆ ನಿನ್ನ ಕೂಗು ಕಳ್ಳರಿಗೆ ಸಿಗದು," ಎಂದಿತು ಪಕ್ಕದ ಕಪಾಟಿನಲ್ಲಿದ್ದ ಹಳೆಯ ಸ್ಟೀಲ್ ಡಬ್ಬಿ.

"ಜೀರಿಗೆ ವಾಸನೆಯ ಡಬ್ಬಿಯಲ್ಲಿ ನಾನೇ? ನನ್ನ ಮಾತಿಗೆ ಕಾರೇ ತಲೆಬಾಗುತ್ತದೆ!" ಎಂದಿತು ಕೀಲಿ.

ಮಧ್ಯಾಹ್ನ ಟೀಚರು ಮಲಗಿದ್ದಾಗ ಇಬ್ಬರು ಕಳ್ಳರು ಬಂದರು. ಒಬ್ಬ ಬಾಗಿಲ ಬಳಿ ಯಂತ್ರ ಹಿಡಿದು, ಆ ಕೂಗನ್ನು ಗೇಟಿನಾಚೆಯ ಕಾರಿಗೆ ಮುಟ್ಟಿಸಿದ. ಇನ್ನೊಬ್ಬ ಕಾರು ಹತ್ತಿದ. ಇಬ್ಬರೂ ಕಾರಿನೊಂದಿಗೆ ಹೊರಟೇಬಿಟ್ಟರು.

"ನೋಡಿದೆಯಾ, ಒಂದೇ ಮಾತಿಗೆ ತೆರೆಯಿತು!" ಎಂದು ಕೀಲಿ ಬೀಗಿತು.

"ನೋಡಿದೆ. ಟೀಚರು ಎದ್ದ ಮೇಲೆ ಅವರಿಗೂ ಇದನ್ನೇ ಹೇಳು, ಮಹಾರಾಯ," ಎಂದಿತು ಡಬ್ಬಿ.