ನಾಲ್ಕು ಬ್ಲೇಡಿನ ಸಂದು

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿ ಮರುಳಯ್ಯನವರೆಂಬ ಗುರುಗಳು. ಅವರಿಗೆ ಶಿಷ್ಯ ಒಬ್ಬನೇ, ತಿಪ್ಪೇಶಿ. ಇಬ್ಬರಿಗೂ ಸೇರಿ ಜೀಪು ಒಂದು.

ಜೀಪೆಂದರೆ ಅಂತಿಂಥ ಜೀಪಲ್ಲ. ಯಾವುದೋ ಯುದ್ಧ ಮುಗಿಸಿ ಬಂದದ್ದು. ಆಡುಗಳು ನಿಂತು ಯೋಚನೆ ಮಾಡುವ ಕಡೆ ಅದು ನಿಲ್ಲದೆ ಹತ್ತುತ್ತಿತ್ತು. ಹೊಳೆ ತುಂಬಿದ ವರ್ಷ ನಡುನೀರಿನಲ್ಲಿ ಎದುರಾದ ಮೊಸಳೆ ಅದರ ಸದ್ದು ಕೇಳಿ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತ್ತು. ನಂಬದವರು ಮೊಸಳೆಯನ್ನೇ ಕೇಳಿಕೊಳ್ಳಬಹುದು.

ಸದ್ದೆಂದರೆ ಟಕಟಕ, ಟಕಟಕ. ಮೂರು ಊರಿನ ಕೋಳಿಗಳು ಅದರ ತಾಳಕ್ಕೆ ಕಾಳು ಕುಕ್ಕುತ್ತಿದ್ದವು.

ಆಶ್ರಮದ ಪಕ್ಕದ ಹಳ್ಳಿಯಿಂದ ಡಾಂಬರು ರಸ್ತೆಗೆ ಏಳು ತಿರುವಿನ ಏರು. ಹೆರಿಗೆಯಾಗಲಿ, ಹಾವು ಕಚ್ಚಲಿ, ಆಸ್ಪತ್ರೆ ಸೇರಬೇಕಾದರೆ ಆ ಏರು ಹತ್ತಬೇಕು. ಹತ್ತುವ ಗಾಡಿ ಇದೊಂದೇ.

ಎಂಜಿನ್ನಿನ ಕೆಲಸವನ್ನು ತಿಪ್ಪೇಶಿಗೆ ಗುರುಗಳೇ ಕಲಿಸಿದ್ದರು. ಇದನ್ನು ಹೀಗೆ ಮಾಡು ಅನ್ನುತ್ತಿದ್ದರು, ಅಷ್ಟೆ. ಯಾಕೆ ಎಂದು ಕೇಳಿದರೆ ಹೊಳೆಯ ಕಡೆ ನೋಡುತ್ತಿದ್ದರು.

ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ಎಂಜಿನ್ನಿಗೆ ಎಂಟು ಬಾಗಿಲು. ಅವಕ್ಕೆ ವಾಲ್ವ್ ಅನ್ನುತ್ತಾರೆ. ಒಂದೊಂದನ್ನೂ ತಳ್ಳಿ ತೆರೆಯಲು ಒಂದೊಂದು ಟ್ಯಾಪೆಟ್. ಎರಡರ ನಡುವೆ ನಾಲ್ಕು ಕ್ಷೌರದ ಬ್ಲೇಡು ಜೋಡಿಸಿದಷ್ಟು ಸಂದು ಬಿಡಬೇಕೆಂದು ಗುರುಗಳು ಹೇಳಿದ್ದರು. ಟಕಟಕ ಅನ್ನುತ್ತಿದ್ದದ್ದು ಆ ಸಂದು.

ಪೇಟೆಯಿಂದ ಧ್ಯಾನಕ್ಕೆ ಬರುತ್ತಿದ್ದ ವಿರೂಪಾಕ್ಷಯ್ಯನವರಿಗೆ ಆ ಸದ್ದು ಹಿಡಿಸಲಿಲ್ಲ. ಆಶ್ರಮದ ಸೂರಿಗೆ ಹೆಂಚು ಹಾಕಿಸಿದ ದೊಡ್ಡ ಮನುಷ್ಯರು ಅವರು. ಕಣ್ಣು ಮುಚ್ಚಿದರೆ ನಿನ್ನ ಜೀಪು ನನ್ನ ತಲೆಯೊಳಗೇ ಓಡಾಡುತ್ತೆ ಕಣಯ್ಯಾ, ಕೆಲಸ ಬಲ್ಲವನಾದರೆ ಅದನ್ನು ಸುಮ್ಮನಿರಿಸು ಎಂದು ತಿಪ್ಪೇಶಿಯನ್ನು ಕೆಣಕಿದರು.

ಕೆಲಸ ಬಲ್ಲವನಾದರೆ ಅಂದದ್ದು ತಿಪ್ಪೇಶಿಗೆ ನಾಟಿತು. ಅವತ್ತೇ ಸ್ಪ್ಯಾನರ್ ಹಿಡಿದು ಎಂಟು ಸಂದನ್ನೂ ಮುಚ್ಚಿಬಿಟ್ಟ. ಒಂದು ಬ್ಲೇಡೂ ತೂರದಷ್ಟು.

ಜೀಪು ಬೆಕ್ಕಿನಂತಾಯಿತು. ಬಾನೆಟ್ಟಿನ ಮೇಲೆ ತುಂಬಿದ ಲೋಟ ನೀರಿಟ್ಟು ಊರು ಸುತ್ತಿಸಿದ. ಒಂದು ಹನಿ ಚೆಲ್ಲಲಿಲ್ಲ. ವಾಪಸು ಬಂದಾಗ ಒಂದು ಗುಟುಕು ಹೆಚ್ಚೇ ಇತ್ತೆಂದು ಹೇಳಿಕೊಂಡ. ಮೂರು ವಾರ ಹೊಗಳಿಕೆಯ ಮೇಲೆ ಹೊಗಳಿಕೆ.

ನಾಲ್ಕನೇ ವಾರ, ಶನಿವಾರ ನೆತ್ತಿ ಸುಡುವ ಮಧ್ಯಾಹ್ನ, ಹಳ್ಳಿಯ ಮಾಳಕ್ಕನ ಸೊಸೆ ಸಾಕಿಗೆ ನೋವು ಶುರುವಾಯಿತು. ಅತ್ತೆ ಸೊಸೆಯನ್ನು ಹತ್ತಿಸಿಕೊಂಡು ತಿಪ್ಪೇಶಿ ಹೊರಟ. ಊರಿನ ಗಂಡಸರು ಹಿಂದೆ ನಡೆದರು. ಐದನೇ ತಿರುವಿನಲ್ಲಿ ಜೀಪು ನೆತ್ತಿಗೆ ಹತ್ತಿದವನ ಹಾಗೆ ಕೆಮ್ಮಿ ಕೆಮ್ಮಿ ನಿಂತಿತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ತಿರುಗಿತೇ ಹೊರತು ಜೀವ ಬರಲಿಲ್ಲ.

ಗಂಡಸರು ಕಂಬಳಿಗೆ ಎರಡು ಬಿದಿರು ಸಿಕ್ಕಿಸಿ ಸಾಕಿಯನ್ನು ಹೊತ್ತರು. ಏಳನೇ ತಿರುವಿನಲ್ಲಿ, ಕಾದ ಬಂಡೆಯ ಮೇಲೆ, ಮಗು ಹುಟ್ಟಿತು. ಮಗು ಅತ್ತಿತು. ಸಾಕಿಯ ರಕ್ತ ಮಾತ್ರ ನಿಲ್ಲಲಿಲ್ಲ. ಡಾಂಬರು ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನ ವ್ಯಾನಿಗೆ ಅಡ್ಡ ನಿಂತು ತಾಯಿ ಮಗುವನ್ನು ಆಸ್ಪತ್ರೆಗೆ ಕಳಿಸಿದರು.

ತಿಪ್ಪೇಶಿ ಜೀಪನ್ನು ಹಿಂದುಹಿಂದಕ್ಕೆ ಉರುಳಿಸಿಕೊಂಡು ಕೆಳಗೆ ತಂದ. ಸದ್ದೇ ಇಲ್ಲದೆ ಬಂತು.

ಸೋಮವಾರ ಮಾಳಕ್ಕ ಆಶ್ರಮಕ್ಕೆ ಬಂದಳು. ಗುರುಗಳಿಗೆ ಕೈ ಮುಗಿಯಲಿಲ್ಲ, ನೇರ ತಿಪ್ಪೇಶಿಯ ಎದುರು ನಿಂತಳು.

“ಜೀಪಿಗೆ ಮೌನವ್ರತ ಕಲಿಸಿದೆಯಲ್ಲಪ್ಪಾ, ನನ್ನ ಸೊಸೆ ಕಿರುಚಿದ್ದು ಏಳು ತಿರುವಿಗೂ ಕೇಳಿಸ್ತು. ಅದನ್ನ ಯಾವ ಸ್ಪ್ಯಾನರ್ ಹಾಕಿ ನಿಲ್ಲಿಸ್ತೀಯ?”

ಸಾಕಿ ಉಳಿದಿದ್ದಳು. ಗುರುವಾರ ಮನೆಗೆ ಕಳಿಸುತ್ತಾರಂತೆ. ನಡೆಸಬಾರದು, ಹೊಲಿಗೆ ಹಾಕಿದ್ದಾರೆ. ಗುರುವಾರ ಬೆಳಗ್ಗೆ ನಿನ್ನ ಜೀಪು ಮೇಲೆ ರಸ್ತೆಯಲ್ಲಿ ನಿಂತಿರಬೇಕು, ಇನ್ನೊಂದು ಸಲ ಅವಳನ್ನು ಹೆಣದ ಹಾಗೆ ಕಂಬಳಿಯಲ್ಲಿ ಹೊರಿಸೋದಿಲ್ಲ ಎಂದು ಮಾಳಕ್ಕ ಹೊರಟುಹೋದಳು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಸಂಜೆಗೆ ವಿರೂಪಾಕ್ಷಯ್ಯನವರು ಬಂದರು. ಹತ್ತು ಜನರ ಮುಂದೆ, ಈ ಮೂರ್ಖನಿಗೆ ಎಂಜಿನ್ ಮುಟ್ಟು ಅಂದವರ್ಯಾರು, ಇವನನ್ನು ಓಡಿಸಿ, ಆ ಜೀಪನ್ನು ಗುಜರಿಗೆ ಹಾಕಿ ಎಂದು ಗುರುಗಳಿಗೆ ಬುದ್ಧಿ ಹೇಳಿದರು.

ನೀವೇ ಅಂದದ್ದು ಸ್ವಾಮಿ, ಎಂದ ತಿಪ್ಪೇಶಿ.

ನಾನು ಅಂಥ ಮಾತು ಆಡುವವನೇ, ಎಂದು ಅವರು ಸುತ್ತ ಕೂತವರನ್ನು ನೋಡಿ ನಕ್ಕರು. ಸುತ್ತ ಕೂತವರೂ ನಕ್ಕರು. ಮೂರು ವಾರ ತಿಪ್ಪೇಶಿಯ ಬೆನ್ನು ತಟ್ಟಿದ ಕೈಗಳೆಲ್ಲ ಅವರವೇ.

ತಿಪ್ಪೇಶಿ ಗುರುಗಳ ಮುಖ ನೋಡಿದ. ಅವರು ಹೊಳೆಯ ಕಡೆ ನೋಡುತ್ತಿದ್ದರು.

ಅವನ ಎದೆಯಲ್ಲಿ ಎದ್ದ ಉರಿಗೆ ಒಂದು ಹಂಡೆ ನೀರು ಕಾಯಿಸಬಹುದಿತ್ತು. ಒಳಗೆ ಹೋಗಿ ಎರಡು ಪಂಚೆ, ಒಂದು ಅಂಗಿ ಚೀಲಕ್ಕೆ ತುರುಕಿದ. ಸಾಕಿಗೆ ಹೇಳಬೇಕಾದ ಮಾತು ಬಾಕಿ ಇತ್ತು, ಅದಕ್ಕೆ ನಿಂತ. ಗುರುವಾರ ಅವಳನ್ನು ಮನೆ ಸೇರಿಸಿ ಹಾಗೇ ಹೊರಟುಹೋಗುವುದೆಂದು ತೀರ್ಮಾನಿಸಿದ.

ಮಂಗಳವಾರ ಎಂಜಿನ್ ಬಿಚ್ಚಿದ. ಹೊಗೆ ಬಿಡುವ ನಾಲ್ಕು ವಾಲ್ವುಗಳಲ್ಲಿ ಎರಡರ ಅಂಚು ಇಲಿ ತಿಂದ ರೊಟ್ಟಿಯ ಹಾಗಾಗಿತ್ತು. ಸುಟ್ಟು ಕರಕಲು.

ಗುರುಗಳು ಬಂದು ಪಕ್ಕದಲ್ಲಿ ಕೂತರು. ಸುಟ್ಟ ವಾಲ್ವಿನ ಕಡ್ಡಿಯನ್ನು ಒಂದು ಕಬ್ಬಿಣದ ಬಳೆಯಲ್ಲಿ ತೂರಿಸಿದರು. ಸಲೀಸಾಗಿ ಹೋಯಿತು. ಅದೇ ಕಡ್ಡಿಯನ್ನು ಒಲೆಯ ಕೆಂಡದಲ್ಲಿಟ್ಟು, ಕೆಂಪಾದ ಮೇಲೆ ಇಕ್ಕುಳದಲ್ಲಿ ಹಿಡಿದು ಮತ್ತೆ ತೂರಿಸಿದರು. ಸಿಕ್ಕಿಕೊಂಡಿತು.

“ನಿನ್ನ ಹಾಗೇ ಇದು. ಬಿಸಿಯಾದರೆ ಉಬ್ಬುತ್ತೆ.”

ತಿಪ್ಪೇಶಿಗೆ ಆಗ ಅರ್ಥವಾಯಿತು. ಏರು ಹತ್ತುವಾಗ ಕಾದ ಕಡ್ಡಿ ಉದ್ದವಾಗಿದೆ. ಸಂದಿದ್ದರೆ ಆ ಸಂದಿನೊಳಕ್ಕೆ ಬೆಳೆಯುತ್ತಿತ್ತು. ಸಂದಿಲ್ಲ. ಹೀಗಾಗಿ ಕಡ್ಡಿ ಟ್ಯಾಪೆಟ್ಟಿಗೆ ಒತ್ತಿಕೊಂಡು ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಮುಚ್ಚದ ಬಾಗಿಲಲ್ಲಿ ಮೂರು ವಾರ ಬೆಂಕಿ ನುಗ್ಗಿ ಅಂಚನ್ನು ತಿಂದಿದೆ.

ಇದನ್ನು ಅಂದೇ ಹೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ ಎಂದುಕೊಂಡ.

ಗುರುಗಳು ತಗಡಿನ ಡಬ್ಬಿಯಿಂದ ಬೇರೆ ಎರಡು ವಾಲ್ವು ತೆಗೆದುಕೊಟ್ಟರು. ಎಂದೋ ಸತ್ತ ಎಂಜಿನ್ನಿನವು, ಗುಳಿ ಬಿದ್ದು ಸವೆದವು. ಉಜ್ಜಿ ಕೂರಿಸು ಅಂದರು.

ಉಜ್ಜುವುದೆಂದರೆ ಅಂಚಿಗೆ ಮರಳುಮರಳಾದ ಪೇಸ್ಟ್ ಸವರಿ, ವಾಲ್ವನ್ನು ಅದರ ಗೂಡಿನಲ್ಲಿ ಕೂರಿಸಿ, ತಲೆಗೆ ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಎರಡು ಅಂಗೈ ನಡುವೆ ಕೋಲನ್ನು ಆ ಕಡೆ ಈ ಕಡೆ ಹೊರಳಿಸುವುದು. ಅಂಚಿನ ಸುತ್ತ ಎಲ್ಲೂ ಕಡಿಯದ ಒಂದೇ ಸಮನಾದ ಬೂದು ಗೆರೆ ಮೂಡುವ ತನಕ. ಸ್ವಲ್ಪ ಕಡಿದರೂ ಅಲ್ಲಿಂದಲೇ ಬೆಂಕಿ ನುಗ್ಗುತ್ತದೆ.

ತಿಪ್ಪೇಶಿ ಉಜ್ಜಿದ. ಸೂರ್ಯ ಬೇಸತ್ತು ಮುಳುಗಿದ, ಅವನು ಬೇಸರಪಡಲಿಲ್ಲ. ಬುಧವಾರ ಮತ್ತೆ ಉಜ್ಜಿದ. ಕೋಲಿನಿಂದ ಹೊಗೆ ಬಂತು ಅನ್ನುತ್ತಾರೆ. ಅಂಗೈ ಬೊಬ್ಬೆ ಎದ್ದು, ಒಡೆದು, ಪೇಸ್ಟಿಗೆ ರಕ್ತ ಸೇರಿತು. ಮಧ್ಯಾಹ್ನದ ಹೊತ್ತಿಗೆ ಮೊದಲನೆಯದರಲ್ಲಿ ಗೆರೆ ಮೂಡಿತು, ಹುಣ್ಣಿಮೆಯ ಚಂದ್ರನ ಸುತ್ತಿನಂತೆ.

ಎರಡನೆಯದು ಹಾಗೇ ಇತ್ತು. ಬೆಳಗಾದರೆ ಗುರುವಾರ. ಕೋಲು ಹಿಡಿಯಲು ಹೋದರೆ ಬೆರಳು ಮಡಚಲಿಲ್ಲ.

ಗುರುಗಳು ಎದುರಿಗೇ ಇದ್ದರು. ತಿಪ್ಪೇಶಿ ಕೋಲನ್ನು ನೆಲಕ್ಕೆ ಹಾಕಿದ.

“ಬುದ್ಧಿ, ನಾನು ತಪ್ಪು ಮಾಡಿದೆ. ಅದನ್ನ ಸಾಕಿಯ ಕಾಲಿಗೆ ಬಿದ್ದು ಹೇಳ್ತೀನಿ, ಆಮೇಲೆ ಇಲ್ಲಿಗೆ ಬರೋದಿಲ್ಲ. ಆದರೆ ನೀವೊಂದು ಹೇಳಿ. ಡಾಂಬರು ರಸ್ತೇಲಿ ಹೋಗೋ ಲಾರಿಯ ಬೇರಿಂಗ್ ಹೋಗಿದೆ ಅಂತ ಇಲ್ಲಿ ಕೂತೇ ಹೇಳೋ ಕಿವಿ ನಿಮ್ಮದು. ಆ ಮೂರು ವಾರ ನೀವೂ ಇದೇ ಜೀಪಲ್ಲಿ ಓಡಾಡಿದ್ರಿ. ಟಕಟಕ ನಿಂತದ್ದು ನಿಮಗೆ ಗೊತ್ತಾಗಲಿಲ್ವ?”

“ಗೊತ್ತಾಯ್ತು.”

“ಯಾವತ್ತು?”

“ನೀನು ಮುಚ್ಚಿದ ದಿನವೇ.”

ತಿಪ್ಪೇಶಿ ಎದ್ದು ನಿಂತ. ಗುರುಗಳ ಎದುರು ದನಿ ಎತ್ತಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

“ಸುಡುತ್ತೆ ಅಂತಲೂ ಗೊತ್ತಿತ್ತು. ಆ ದೊಡ್ಡ ಮನುಷ್ಯ ಸುಳ್ಳು ಹೇಳುವಾಗಲೂ ಸುಮ್ಮನೆ ಕೂತಿರಿ. ಇದು ಪಾಠವಾ? ನನಗೆ ಪಾಠ ಕಲಿಸೋಕೆ ಒಬ್ಬ ಬಸುರಿ ಬಂಡೆ ಮೇಲೆ ಹೆರಬೇಕಿತ್ತಾ ಬುದ್ಧಿ?”

ಹೊಳೆ ಅಲ್ಲೇ ಹರಿಯುತ್ತಿತ್ತು. ಈ ಸಲ ಗುರುಗಳು ಅದರ ಕಡೆ ನೋಡಲಿಲ್ಲ. ಶಿಷ್ಯನ ಮುಖವನ್ನೇ ನೋಡಿದರು. ಹೆಗಲ ಮೇಲಿನ ಕಾವಿ ಶಾಲು ತೆಗೆದು ಜೀಪಿನ ಸೀಟಿನ ಮೇಲಿಟ್ಟರು. ಬಗ್ಗಿ, ನೆಲಕ್ಕೆ ಬಿದ್ದಿದ್ದ ಕೋಲನ್ನು ಎತ್ತಿಕೊಂಡರು.

“ಪಾಠ ಏನೂ ಅಲ್ಲ ಕಣೋ. ಆ ಮೂರು ವಾರ ನನಗೂ ಧ್ಯಾನ ಚೆನ್ನಾಗಿ ಹತ್ತಿತ್ತು. ಕೊಡು ಇಲ್ಲಿ, ಆ ಇನ್ನೊಂದು ವಾಲ್ವ್ ನಾನು ಉಜ್ಜುತ್ತೀನಿ.”