ಹನ್ನೊಂದರ ಹೊಂಡ

ಬನ್ನಿ, ಈ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತುಕೊಳ್ಳಿ. ಅವಸರದವರಿಗೆ ಈ ಹೊಂಡ ಬರೀ ನೀರಾಗಿ ಕಾಣುತ್ತದೆ. ಬಿಸಿಲೇರಿದಾಗ ಬಗ್ಗಿ ನೋಡಿದರೆ ತಳದಲ್ಲಿ ಎಮ್ಮೆಗಳು ಸಾಲಾಗಿ ಮಲಗಿದ ಹಾಗೆ ಕಪ್ಪಗೆ ಕಾಣುತ್ತವಲ್ಲ, ಅವು ಸಾಗವಾನಿ ದಿಮ್ಮಿಗಳು. ಎಣಿಸಿದರೆ ಹನ್ನೊಂದು. ಬೇಸಿಗೆಯಲ್ಲಿ ನೀರಿಳಿದು ಬೆನ್ನು ಹೊರಬಿದ್ದರೂ ಯಾರೂ ಮುಟ್ಟುವುದಿಲ್ಲ. ಚಿಕ್ಕಮುದ್ದನಾಳದ ಈ ನೀರಿಗೆ ಹನ್ನೊಂದರ ಹೊಂಡ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಬಡಿಗೇರ ಕಾಳಪ್ಪನ ಪೆಟ್ಟಿಗೆ ಕಾರಖಾನೆ ಇತ್ತು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ಅವನ ಅಜ್ಜ ಯಾವನೋ ಪಾದ್ರಿಯ ಕೆಟ್ಟ ಪೆಟ್ಟಿಗೆ ಬಿಚ್ಚಿ ನೋಡಿ ಕಸಬು ಕಲಿತನಂತೆ. ಆಮೇಲೆ ಮೂರು ತಲೆಮಾರು, ಸುತ್ತಲಿನ ನಾಟಕ ಕಂಪನಿಗಳಿಗೆಲ್ಲ ಇವರದೇ, ಕಾಲಿನಿಂದ ತಿದಿ ತುಳಿದು ನುಡಿಸುವ ಕಾಲುಪೆಟ್ಟಿಗೆ. ಹಸಿ ಮರ ಸೀಳುತ್ತದೆ, ಸ್ವರ ಒಡೆಯುತ್ತದೆ. ಅದಕ್ಕೇ ಗಂಡು ಕೂಸು ಹುಟ್ಟಿದ ವರ್ಷ ತಂದೆ, ಮರ ನೀರಲ್ಲಿ ಹದವಾಗಲೆಂದು, ಈ ಹೊಂಡದಲ್ಲಿ ಹನ್ನೆರಡು ದಿಮ್ಮಿ ಮುಳುಗಿಸುತ್ತಿದ್ದ; ಮಗ ದೊಡ್ಡವನಾಗಿ ತಾನೇ ಎತ್ತಬೇಕು. ಮಗ ಸತ್ತರೆ ಮಾತ್ರ ಹೆತ್ತವರು ಎತ್ತಬಹುದು. ಹಾಗಾಗಿ ಹೆತ್ತವರು ದಿಮ್ಮಿ ಎತ್ತಿದರೆಂದರೆ ಮಗನಿಗೆ ಮಣ್ಣು ಕೊಟ್ಟಂತೆಯೇ.

ಕಾಳಪ್ಪನಿಗೆ ಒಬ್ಬನೇ ಮಗ, ಮಾನಪ್ಪ. ಹೊರದೇಶದ ಯುದ್ಧದಿಂದಾಗಿ ಹಡಗಿನಲ್ಲಿ ಬರುವ, ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳು ನಿಂತಾಗ, ಸಿಕ್ಕಷ್ಟು ತರುತ್ತೇನೆಂದು ಅವನು ಮುಂಬೈಗೆ ಹೋದ. ಅದೇ ವರ್ಷ ಊರೂರಿಗೆ ಆ ದೊಡ್ಡ ಜ್ವರ ಬಂತು. ಎರಡು ವರ್ಷ ಕಾಗದವಿಲ್ಲ, ಸುದ್ದಿಯಿಲ್ಲ. ಇತ್ತ ಕಾಳಪ್ಪನ ತಂದೆ ಮುಳುಗಿಸಿದ್ದ ಮರವೂ ಮುಗಿಯಿತು. ಕಾರಖಾನೆ ನಂಬಿದ ಒಂಬತ್ತು ಮನೆಗಳಲ್ಲಿ ಅಂಬಲಿ ನೀರಾಯಿತು, ಆಮೇಲೆ ಅದೂ ಇಲ್ಲ. ತಿದಿಗೆ ಚರ್ಮ ಹೊಲಿಯುವ ಹುಸೇನಸಾಬನ ಎರಡು ಕೂಸುಗಳು ಒಂದೇ ವಾರದಲ್ಲಿ ಹಾಸಿಗೆ ಹಿಡಿದವು.

ಆಗ ನಾಟಕ ಕಂಪನಿಯ ಶೇಷಗಿರಿರಾಯರು ಬಂದರು. ಹಳೆಯ ರೀಡು ತಾವೇ ಕೊಡುತ್ತೇವೆ, ನಾಲ್ಕು ಕಾಲುಪೆಟ್ಟಿಗೆ ಬೇಕು, ಅಲ್ಲಿಯವರೆಗೆ ಒಂಬತ್ತು ಮನೆಗೂ ಜೋಳ ಹಾಕಿಸುತ್ತೇವೆ ಎಂದರು. ಉಳಿದ ಮರವೆಂದರೆ ಮಾನಪ್ಪನ ಹೆಸರಿನ ಹನ್ನೆರಡು ದಿಮ್ಮಿ ಮಾತ್ರ; ಕಾಳಪ್ಪ ಹೊಂಡದ ಕಡೆ ನೋಡಿದ. ರಾಯರು ನಗಿಸಲು ನೋಡಿದರು: "ನಮ್ಮ ನಾಟಕದಾಗ ಸತ್ತ ರಾಜಾ ಸೈತ ಪರದೆ ಬಿದ್ದ ಮ್ಯಾಲ ಎದ್ದು ಚಹಾ ಕುಡೀತಾನ, ಕಾಳಪ್ಪ. ಪೆಟ್ಟಿಗಿ ಇಲ್ಲಂದ್ರ ನಾವ್ಯಾರೂ ಏಳೂದಿಲ್ಲ."

ರಾಯರು ಹೋದ ಮೇಲೆ ಹೆಂಡತಿ ನೀಲವ್ವ ಒಂದೇ ಮಾತು ಅಂದಳು: "ದಿಮ್ಮಿ ಎತ್ತರಿ."

"ಎತ್ತಿದ ಮ್ಯಾಲ ಅವ ಬಂದ್ರ? ನಿನ್ನ ಸತ್ತವರೊಳಗ ಹಾಕಿದ್ವಿ ಅಂತ ಹೇಳ್ಲೇನು?" ಎಂದ ಕಾಳಪ್ಪ.

ನೀಲವ್ವ ಹಗ್ಗ ಹೆಗಲಿಗೆ ಹಾಕಿಕೊಂಡು ತಾನೇ ಹೊಂಡಕ್ಕೆ ನಡೆದಳು. ಹುಸೇನಸಾಬ ಅಡ್ಡ ನಿಂತ. "ಬ್ಯಾಡ್ರಿ ಅವ್ವಾ, ಊರು ಏನಂದೀತು?"

"ಊರು ಅಂತೈತಿ. ನಿನ್ನ ಕೂಸುಗಳು ಏನೂ ಅನ್ನೂದಿಲ್ಲಪಾ, ಬರೇ ನೋಡತಾವ. ಆ ಕಡೀ ತುದಿ ಹಿಡಿ."

ಎದೆಮಟ್ಟದ ನೀರಿಗಿಳಿದು ಒಂದು ದಿಮ್ಮಿಗೆ ಹಗ್ಗ ಬಿಗಿದಳು. ಅದು ದಂಡೆಗೆ ಬಂದಾಗ ಒಂಬತ್ತು ಮನೆಯವರೂ ತಲೆ ತಗ್ಗಿಸಿ ನಿಂತಿದ್ದರಂತೆ. ಎರಡನೆಯದಕ್ಕೆ ಯಾರೋ ನೀರಿಗಿಳಿಯಹೋದರೆ ತಡೆದಳು: "ಇದು ಹೊಟ್ಟಿಗೆ. ಉಳದವು ಅವನವು."

ಆಮೇಲೆ ಏನಾಯಿತೆಂದು ಕೇಳುತ್ತೀರಿ. ರಾಯರ ಕಂಪನಿ ಆ ನಾಲ್ಕು ಪೆಟ್ಟಿಗೆಗಳ ಮೇಲೆ ಹತ್ತು ವರ್ಷ ನಡೆಯಿತು. ಹುಸೇನಸಾಬನ ಒಂದು ಕೂಸು ಉಳಿಯಿತು, ಒಂದು ಉಳಿಯಲಿಲ್ಲ. ಕಾಳಪ್ಪ ಪೆಟ್ಟಿಗೆ ಮಾಡಿಕೊಟ್ಟ, ಆದರೆ ಮನೆತನದ ಹೆಸರಿನ ಹಿತ್ತಾಳೆ ತಗಡು ಬಡಿಯಲಿಲ್ಲ. ಸಾಯುವವರೆಗೆ ನೀಲವ್ವನ ಕೈಯ ರೊಟ್ಟಿ ತಿಂದ, ಅವಳೊಡನೆ ಮಾತಾಡಲಿಲ್ಲ. ಅವನು ತೀರಿದ ಮೇಲೆ ಕೆಲಸದವರು ಮತ್ತೆ ಮರ ಕೇಳಿ ಬಂದಾಗ ನೀಲವ್ವ ಸುತ್ತಲೂ ನೋಡಿ, ಅಜ್ಜನ ಕಾಲದ ಸಾಗವಾನಿ ಬಾಗಿಲುಗಳನ್ನು ಚೌಕಟ್ಟಿನ ಸಮೇತ ಕಿತ್ತುಕೊಟ್ಟಳು. "ಅವತ್ತು ಇವು ಕಣ್ಣಿಗೆ ಬೀಳಲಿಲ್ಲಲ್ಲೋ ಹುಸೇನಾ" ಎಂದಳಂತೆ. ಬಾಗಿಲಿಲ್ಲದ ಆ ಮನೆಯಲ್ಲಿ ಇಪ್ಪತ್ತು ವರ್ಷ ಬದುಕಿ ಹೋದಳು. ಮಾನಪ್ಪ ಬರಲಿಲ್ಲ.